ಎಲೆಯ ತೊಟ್ಟು, ಅವ್ವನ ಪಾದ

ವೀಳ್ಯದೆಲೆ ಹಾಕಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಎಲೆಯನ್ನು ತೊಡೆಯ ಮೇಲೆ ಒರೆಸಿ, ತುದಿ ಚಿವುಟಿ, ಬೆನ್ನಿನ ನಾರು ಸುಲಿದು, ಮಗುವಿಗೆ ಎಣ್ಣೆ ಹಚ್ಚಿದಷ್ಟು ಮುದ್ದಿನಿಂದ ಸುಣ್ಣ ಸವರುತ್ತಾರೆ. ತೊಟ್ಟನ್ನು ಮಾತ್ರ ಮುರಿದು ಅಂಗಳಕ್ಕೆ ಎಸೆಯುತ್ತಾರೆ. ನನ್ನ ಅವ್ವ ಹಾಗಲ್ಲ. ಆಕೆ ತೊಟ್ಟನ್ನು ಬೆಳಕಿಗೆ ಹಿಡಿದು, ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಪರೀಕ್ಷಿಸಿ, ನೆಟ್ಟಗಿದ್ದರೆ ಗೋಡೆಯೊಳಗಿನ ಮಾಡದಲ್ಲಿ, ದೀಪದ ಪಕ್ಕ, ಜೋಪಾನವಾಗಿ ಇಡುತ್ತಾಳೆ. ಗೋಕಾಕದ ನಮ್ಮ ಮನೆಗೆ ಬಂದ ಬೀಗರು ಮಾತಿನ ನಡುವೆ ಕೈಯಾಡಿಸಿ ಅವುಗಳಲ್ಲಿ ಒಂದೆರಡನ್ನು ಅಗಿದದ್ದೂ ಉಂಟು. ಹೊಸವೇ ಆದ್ದರಿಂದ ನಾವು ತಡೆದಿಲ್ಲ.

ಅವುಗಳ ಉಪಯೋಗವನ್ನು ಈಗಲೇ ಹೇಳಿಬಿಡುತ್ತೇನೆ. ನೀವು ಉಣ್ಣುತ್ತ ಓದುವವರಾದರೆ ಕೈತೊಳೆದು ಬನ್ನಿ. ಎಳೆಯ ಮಕ್ಕಳು ಹೊರಕಡೆಗೆ ಹೋಗದೆ ಹೊಟ್ಟೆ ಬಿಗಿದುಕೊಂಡು ಕೂತಾಗ, ಈ ತೊಟ್ಟನ್ನು ಔಡಲೆಣ್ಣೆಯಲ್ಲಿ ಅದ್ದಿ, ಎಲ್ಲಿ ಮುಟ್ಟಿಸಬೇಕೋ ಅಲ್ಲಿ ತುಸು ಮುಟ್ಟಿಸಿದರೆ, ಕೂಸಿಗೆ ಮರೆತುಹೋದ ಕೆಲಸ ನೆನಪಾಗುತ್ತದೆ. ಆದರೆ ತೊಟ್ಟು ಅರ್ಧ ಮದ್ದು ಮಾತ್ರ. ಉಳಿದರ್ಧ ಅವ್ವನ ಪಾದಗಳು. ಆಕೆ ಹಿತ್ತಲಿನ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಪಾದಗಳ ನಡುವೆ ಇಷ್ಟೇ ಇಷ್ಟು ಸಂದು ಬಿಟ್ಟು, ಕೂಸನ್ನು ಅವುಗಳ ಮೇಲೆ ತನ್ನತ್ತ ಮುಖ ಮಾಡಿ ಕೂಡಿಸಿಕೊಳ್ಳುತ್ತಿದ್ದಳು. ಕೂಸು ಆಕೆಯ ಮೊಣಕಾಲು ಹಿಡಿದುಕೊಂಡು ಸಿಂಹಾಸನವೇರಿದಂತೆ ಕೂಡುತ್ತಿತ್ತು. ನಾನು, ನನ್ನ ಅಕ್ಕ, ಓಣಿಯ ಅರ್ಧ ಮಕ್ಕಳು ಆ ಪೀಠದ ಮೇಲೆ ಕೂತು ಎದ್ದವರು. ಅವರಲ್ಲಿ ಕೆಲವರು ಈಗ ಊರ ಹಿರಿಯರು. ಅವರು ರುಮಾಲು ಸುತ್ತಿಕೊಂಡು ಚಾವಡಿಯಲ್ಲಿ ಗಂಭೀರವಾಗಿ ನ್ಯಾಯ ಹೇಳುವಾಗ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದ ಕಾಲ. ನಾನು ಊರ ಶಾಲೆಯಲ್ಲಿ ಮಾಸ್ತರ. ಮಗ ಶಿವಾನಂದನಿಗೆ ಇನ್ನೂ ಎರಡು ತುಂಬಿರಲಿಲ್ಲ. ನನ್ನ ಹೆಂಡತಿ ಗಂಗವ್ವ ಬೆಲ್ಲದ ಬಾಗೇವಾಡಿಯ ಹೆಣ್ಣುಮಗಳು. ಒಳ್ಳೆಯದನ್ನು ಮಾಡಬೇಕೆನಿಸಿದರೆ ಯಾರನ್ನೂ ಕೇಳದೆ ಮಾಡಿಬಿಡುವ ಸ್ವಭಾವ. ಪ್ರತಿ ಮುಂಜಾನೆ ಮೊಮ್ಮಗನನ್ನು ಇಳಿಸಿ ಏಳುವಾಗ ಅತ್ತೆಯ ಮೊಣಕಾಲು ಕಟಕಟ ಎನ್ನುವುದನ್ನು ಅವಳು ಕೇಳುತ್ತಿದ್ದಳು. ತನ್ನ ಅಣ್ಣನಿಗೆ ಹೇಳಿ ಬೆಳಗಾವಿಯಿಂದ ಮಕ್ಕಳು ಹೊರಕಡೆಗೆ ಕೂಡುವ ಎನಾಮಲ್ ಡಬರಿಯೊಂದನ್ನು ತರಿಸಿದಳು. ಬಿಳಿಯ ಮೈ, ನೀಲಿ ಅಂಚು. ಅದನ್ನು ಅವ್ವನ ಮುಂದಿಟ್ಟು, "ಅತ್ತ್ಯಾರ, ಇನ್ನ ಮ್ಯಾಲೆ ನಿಮ್ಮ ಕಾಲಿಗಿ ತ್ರಾಸ ಇಲ್ಲ ನೋಡ್ರಿ," ಎಂದಳು.

ಅವ್ವ ಡಬರಿಯನ್ನು ನೋಡಿದಳು. ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು.

"ಹಂಗಾದ್ರ ನನ್ನ ಕೆಲಸಾ ಮುಗೀತು ಅನ್ನು."

"ಅಯ್ಯ, ಹಂಗಲ್ರಿ ಅತ್ತ್ಯಾರ!"

"ಮತ್ತ ಹೆಂಗ? ಡಬರಿ ಬಂದ ಮ್ಯಾಲೆ ಮುದುಕಿ ಯಾಕ ಬೇಕವಾ?"

ದಿನವಿಡೀ ಹುಡುಗರ ಜಗಳ ಬಿಡಿಸಿದ ಅನುಭವದಿಂದ ನಾನು ನಡುವೆ ಬಾಯಿ ಹಾಕಿ, ಇಬ್ಬರದೂ ಸರಿಯಿದೆ ಎಂದು ತೀರ್ಪು ಕೊಟ್ಟೆ. ಇಬ್ಬರೂ ನನ್ನೊಡನೆ ಮಾತು ಬಿಟ್ಟರು. ಮರುದಿನ ಅವ್ವ ಬಟ್ಟೆಯ ಗಂಟು ಕಟ್ಟಿ, ಎಲೆಯಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೂಡಲಗಿಯಲ್ಲಿರುವ ನನ್ನ ಅಕ್ಕನ ಮನೆಗೆ ಬಸ್ಸು ಹತ್ತಿದಳು. ಕರೆಯಲು ಬರಬೇಡ ಎಂದು ನನಗೆ ಹೇಳಿಯೇ ಹೋದಳು.

ಅದು ಚಳಿಯ ದಿನ. ಗಂಗವ್ವ ಮಗನನ್ನು ಡಬರಿಯ ಮೇಲೆ ಕೂಡಿಸಿದಳು. ತಣ್ಣನೆಯ ಎನಾಮಲ್ ಬೆಚ್ಚನೆಯ ಮೈಗೆ ತಾಗಿದ್ದೇ ತಡ, ಅವನು ಕಿಟಾರನೆ ಕಿರುಚಿ ಎದ್ದವನು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಚಳಿಗೆ ನೀರು ಕುಡಿಯುವುದು ಮೊದಲೇ ಕಡಿಮೆಯಾಗಿತ್ತು. ಒಳಗಿನದು ಗಟ್ಟಿಯಾಗಿ, ಬರುವಾಗ ನೋಯಿಸಿರಬೇಕು. ಇನ್ನು ಬಿಡಲೇಬಾರದೆಂದು ಅವನು ನಿಶ್ಚಯಿಸಿದ. ಆ ವಯಸ್ಸಿನಲ್ಲಿ ಅಂಥ ನಿಶ್ಚಯ ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. ಕರೆ ಬಂದಾಗಲೆಲ್ಲ ಜೋಳದ ಚೀಲಗಳ ಹಿಂದೆ ಹೋಗಿ, ಕಾಲಿಗೆ ಕಾಲು ಹೆಣೆದು, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಂಡು, ಬಂದ ಕರೆಯನ್ನು ಹಿಂದಕ್ಕೆ ಕಳಿಸುತ್ತಿದ್ದ.

ದಿನಗಳು ಉರುಳಿದವು, ಉರುಳಬೇಕಾದ್ದು ಉರುಳಲಿಲ್ಲ. ಓಣಿಯವರು ಬಂದರು. ಒಬ್ಬಾಕೆ ಇಂಗು ತೇಯ್ದು ಹೊಕ್ಕುಳ ಸುತ್ತ ಹಚ್ಚಿದಳು. ಇನ್ನೊಬ್ಬಾಕೆ ಬಾಳೆಹಣ್ಣು ತಿನ್ನಿಸಿ ಎಂದಳು. ಮತ್ತೊಬ್ಬಾಕೆ, ತಿನ್ನಿಸಿದಿರೋ ಕೆಟ್ಟಿರಿ ಎಂದಳು. ನಾನು ಶಾಲೆಗೆ ಹೋದರೆ ಹೆಡ್ ಮಾಸ್ತರರು ಹಾಜರಿ ತೆಗೆಯುವ ಮುಂಚೆ, "ಆತೇನ್ರಿ?" ಎಂದು ಕೇಳುತ್ತಿದ್ದರು. ನಾನು ತಲೆಯಾಡಿಸಿದರೆ ಇಡೀ ಸ್ಟಾಫ್ ರೂಮು ನಿಟ್ಟುಸಿರು ಬಿಡುತ್ತಿತ್ತು.

ಗಂಗವ್ವ ಛಲ ಬಿಡಲಿಲ್ಲ. ಅತ್ತೆಯಂತೆಯೇ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂಡಿಸಿಕೊಂಡಳು. ಸಂದು ಅಗಲವಾಗಿ ಮಗ ನಡುವೆ ಜಾರಿ ನೆಲಕ್ಕೆ ಬಿದ್ದ. ನಾನು ಕೂತೆ, ಅವನು ನನ್ನ ಕಾಲನ್ನು ಜೋಕಾಲಿಯೆಂದು ತಿಳಿದು ತೂಗು ಎಂದ. ತೂಗಿದೆ. ಅದರಿಂದ ನನಗೆ ಬೆವರು ಬಂತು, ಅವನಿಗೆ ಏನೂ ಬರಲಿಲ್ಲ.

ಆದರೆ ಕೂಸು ಊಟ ಬಿಟ್ಟಾಗ ಮನೆಯ ನಗೆ ನಿಂತಿತು. ಹೊಟ್ಟೆ ಮುಟ್ಟಿದರೆ ಅಳುತ್ತಿದ್ದ. ಗಂಗವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಡಾಕ್ಟರರ ಬಳಿಗೆ ಒಯ್ದೆವು. ಅವರು ಹೊಟ್ಟೆ ಒತ್ತಿ ನೋಡಿ, ಎಲ್ಲ ಕೇಳಿಕೊಂಡು ಹೇಳಿದರು: "ಮಾಸ್ತರ, ಸದ್ಯ ಬ್ಯಾರೆ ಏನೂ ರೋಗ ಇಲ್ರಿ. ಹುಡುಗಗ ಅಂಜಿಕಿ ಹೊಕ್ಕೈತಿ. ನೀರ ಕುಡಸ್ರಿ, ಒಣದ್ರಾಕ್ಷಿ ನೆನಸಿ ಕೊಡ್ರಿ, ಬೈಬ್ಯಾಡ್ರಿ. ಮೊದಲ ಯಾರ ಕಡೆ ಕೂಡತಿದ್ದಾ, ಅವರ ಕಡೆನ ಕೂಡಸ್ರಿ. ತಡಾ ಮಾಡಿದ್ರ ಕೂಸಿಗಿ ಭಾಳ ತ್ರಾಸ ಆಕ್ಕೈತಿ."

ಮನೆಗೆ ಬಂದ ಗಂಗವ್ವ ಒಣದ್ರಾಕ್ಷಿ ನೆನೆಹಾಕಿದಳು. "ನಾಳೆ ಮೂಡಲಗಿಗಿ ಹೋಗೂಣು ನಡೀರಿ," ಎಂದಳು.

"ನೀನೂ ಬರ್ತಿ?"

"ನಾನ ಹೋಗಬೇಕ್ರಿ. ನೀವು ಕರದ್ರ ಅವರು ಬರೂದಿಲ್ಲ. ನಾ ತಪ್ಪ ಮಾಡಿಲ್ಲ, ಖರೆ ಹೇಳತೇನಿ. ಆದ್ರೂ ಬರ್ತೇನಿ."

ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಗ, ಅವಳ ತೊಡೆಯ ಮೇಲೆ ವಸ್ತ್ರದಲ್ಲಿ ಕಟ್ಟಿದ ಡಬರಿ. ಅದೇಕೆ ಎಂದು ಕೇಳಿದ್ದಕ್ಕೆ, "ಅವರ ಮುಂದ ಇಟ್ಟ ಬಿಡತೇನಿ, ಬೇಕಾದ್ರ ಒಗೀಲಿ," ಎಂದಿದ್ದಳು. ಮುಂದಿನ ಸೀಟಿನ ಹಿರಿಯರೊಬ್ಬರು ಗಂಟನ್ನು ಭಕ್ತಿಯಿಂದ ನೋಡಿ, "ಯಾವ ದೇವರಿಗೆ ಎಡಿ ಒಯ್ಯಾಕತ್ತಿ ತಂಗೀ?" ಎಂದು ಕೇಳಿದರು. ಗಂಗವ್ವ ಮುಖದ ಗೆರೆ ಅಲುಗಿಸದೆ, "ನಮ್ಮ ಅತ್ತ್ಯಾರಿಗ್ರಿ," ಎಂದಳು.

ಅವ್ವ ಅಕ್ಕನ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆಯ ಕಡೆ ನೋಡಲಿಲ್ಲ. ಮಗ ನನ್ನ ಸೊಂಟದಿಂದ ಜಾರಿ "ಆಯೀ" ಎಂದು ಓಡಿಹೋಗಿ ಆಕೆಯ ಕುತ್ತಿಗೆಗೆ ಜೋತುಬಿದ್ದ. ಅವ್ವನ ಕೈ ತಾನಾಗಿಯೇ ಅವನ ಹೊಟ್ಟೆಯ ಮೇಲೆ ಹೋಯಿತು.

"ಅಯ್ಯ ನನ್ನ ಶಿವನ! ಹೊಟ್ಟಿ ಕಲ್ಲ ಆಗೇತಲ್ಲೋ!"

ಮುಂದೆ ಯಾರೂ ಯಾರನ್ನೂ ಕ್ಷಮಿಸುವಷ್ಟು ಪುರಸತ್ತಿರಲಿಲ್ಲ. ಬಿಸಿನೀರು ಬಂತು, ಗುಟುಕು ಗುಟುಕಾಗಿ ಅವನ ಹೊಟ್ಟೆಗೆ ಹೋಯಿತು. ಬೆಚ್ಚಗಿನ ಔಡಲೆಣ್ಣೆಯಿಂದ ಅವ್ವ ಹೊಟ್ಟೆ ನೀವಿದಳು. ಹಿತ್ತಲಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು, ಕಾಲು ಚಾಚಿದಳು, ಚಂಚಿ ಬಿಚ್ಚಿ ನೆಟ್ಟನೆಯ ತೊಟ್ಟೊಂದನ್ನು ತೆಗೆದಳು. ಅಕ್ಕನ ಮನೆಯಲ್ಲಿ ಆಗ ಎಳೆಯ ಮಕ್ಕಳಿರಲಿಲ್ಲ. ಆ ತೊಟ್ಟನ್ನು ಆಕೆ ಯಾರಿಗೆಂದು ತೆಗೆದಿಟ್ಟಿದ್ದಳೋ ನಾನು ಕೇಳಲಿಲ್ಲ. ಗಂಗವ್ವ ಮಾತ್ರ ಆ ಚಂಚಿಯನ್ನೇ ನೋಡುತ್ತ ನಿಂತಳು.

ಮಗ ಆ ಪಾದಗಳ ಮೇಲೆ ಕೂತ. ಮೊಣಕಾಲು ಹಿಡಿದ. ಹೆಣೆದ ಕಾಲುಗಳು ತಾವಾಗಿ ಬಿಚ್ಚಿಕೊಂಡವು. ತೊಟ್ಟು ತನ್ನ ಕೆಲಸ ಮಾಡಿತು. ಅವ್ವ "ಹೂಂ ನನ್ನಪ್ಪಾ, ಹೂಂ ನನ್ನ ರಾಜಾ" ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತ ಅಕ್ಕ, ಭಾವ, ಗೋಡೆಯಾಚೆಯಿಂದ ಇಣುಕಿದ ನೆರೆಮನೆಯಾಕೆ, ನಾನು, ಎಲ್ಲರೂ ಗೊತ್ತಿಲ್ಲದೆ ಅವನೊಡನೆ ತಿಣುಕುತ್ತಿದ್ದೆವು. ಅವನು ಒಮ್ಮೆ ಅತ್ತ. ಆಮೇಲೆ ಆಯಿತು. ಸ್ವಾತಂತ್ರ್ಯ ಬಂದ ದಿನ ನಾನು ಶಾಲೆಯ ಅಂಗಳದಲ್ಲಿದ್ದೆ, ಬಾವುಟ ಏರುವುದನ್ನು ಕಣ್ಣಾರೆ ಕಂಡವನು. ಆದರೂ ಬಿಡುಗಡೆ ಎಂದರೇನೆಂದು ನನ್ನ ಮೈಗೆ ತಾಗಿದ್ದು ಮೂಡಲಗಿಯ ಆ ಹಿತ್ತಲಿನಲ್ಲಿ.

"ಗಂಗವ್ವಾ, ನೀರ ತಾ," ಎಂದಳು ಅವ್ವ. ಊರು ಬಿಟ್ಟ ಮೇಲೆ ಸೊಸೆಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗಂಗವ್ವ ಸುತ್ತ ನೋಡಿದಳು. ಕೈಗೆ ಸಿಕ್ಕಿದ್ದು ಆ ಡಬರಿ. ಗಂಟು ಬಿಚ್ಚಿ, ಹಂಡೆಯ ಬಿಸಿನೀರು ತುಂಬಿ ತಂದಳು. ಮಗನನ್ನು ತೊಳೆದು ಅಕ್ಕನ ಕೈಗೆ ಕೊಟ್ಟಳು. ಮತ್ತೆ ತುಂಬಿ ತಂದು ಅತ್ತೆಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು.

"ಬಿಡ, ನಾ ತೊಳ್ಕೋತೇನಿ."

"ಸುಮ್ನ ಕುಂದರ್ರಿ ಅತ್ತ್ಯಾರ."

ಶ್ರಾವಣ ಸೋಮವಾರ ನಮ್ಮ ಮನೆಗೆ ಜಂಗಮರು ಬಂದಾಗ ಪಾದಪೂಜೆ ನಡೆಯುತ್ತದೆ. ತಾಮ್ರದ ತಟ್ಟೆ, ವಿಭೂತಿ, ಪತ್ರಿ ಎಲ್ಲ ಇರುತ್ತವೆ. ಈ ಪಾದಪೂಜೆಗೆ ಅವು ಯಾವುವೂ ಇರಲಿಲ್ಲ. ಕಾರಣ ಮಾತ್ರ ಘನವಾಗಿತ್ತು. ಗಂಗವ್ವ ಬೆರಳ ಸಂದುಗಳನ್ನೂ ಕಾಲುಂಗುರದ ಅಡಿಯನ್ನೂ ಬಿಡದೆ ತೊಳೆದಳು. ತೊಳೆಯಬೇಕಾದ್ದು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಅವಳು ಅಳುತ್ತಿದ್ದಳು. ಅವ್ವನೂ ಅಳುತ್ತಿದ್ದಳು, ಆದರೆ ಡಬರಿಯ ಕಡೆ ನೋಡುತ್ತ.

"ಡಬರಿ ಚಲೋ ಐತಿ," ಎಂದಳು ಕೊನೆಗೆ. "ನೀರ ಭಾಳ ಹಿಡೀತೈತಿ."

ಸಂಜೆಯ ಬಸ್ಸಿಗೆ ನಾಲ್ವರೂ ಗೋಕಾಕಕ್ಕೆ ಮರಳಿದೆವು. ಆ ದಿನಗಳಲ್ಲಿ ನಮ್ಮ ಮನೆಯವರಲ್ಲಿ ಬಿಗಿಹಿಡಿದು ಕೂತವರು ಮೂವರಿದ್ದರು, ನಾವು ಡಾಕ್ಟರರಿಗೆ ತೋರಿಸಿದ್ದು ಒಬ್ಬನನ್ನು ಮಾತ್ರ ಎಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಶಿವಾನಂದ ಈಗ ಹೈಸ್ಕೂಲಿನಲ್ಲಿದ್ದಾನೆ; ಇದನ್ನು ಓದಿದರೆ ನನ್ನೊಡನೆ ಮಾತು ಬಿಡುವ ಮೂರನೆಯವನಾಗುತ್ತಾನೆ. ಡಬರಿಯಲ್ಲಿ ಗಂಗವ್ವ ಕೊತ್ತಂಬರಿ ಬೆಳೆದಿದ್ದಾಳೆ. ಮನೆಯಲ್ಲಿ ಎಳೆಯ ಕೂಸು ಇಲ್ಲದೆ ಎಷ್ಟೋ ವರ್ಷವಾಯಿತು. ಅವ್ವನಿಗೆ ಈಗ ಗೋಡೆ ಹಿಡಿಯದೆ ಏಳಲಾಗುವುದಿಲ್ಲ, ಎಲೆಯನ್ನು ಕುಟ್ಟಿಕೊಡಬೇಕು. ಆದರೂ ತೊಟ್ಟನ್ನು ತಾನೇ ಮುರಿದು, ಬೆಳಕಿಗೆ ಹಿಡಿದು, ಮಾಡದಲ್ಲಿ ಇಡುತ್ತಾಳೆ.

ನಿನ್ನೆ ಊಟವಾದ ಮೇಲೆ ನಾನೂ ಎಲೆ ಹಾಕಿಕೊಂಡು ತೊಟ್ಟನ್ನು ಅಂಗಳಕ್ಕೆ ಎಸೆದೆ. ಗಂಗವ್ವ ಎದ್ದು ಹೋಗಿ ಅದನ್ನು ಹುಡುಕಿ ತಂದು, ಸೆರಗಿನಿಂದ ಒರೆಸಿ, ಅವ್ವನ ಕೈಗೆ ಕೊಟ್ಟಳು.

"ನೆಟ್ಟಗೈತೇನ್ ನೋಡ್ರಿ ಅತ್ತ್ಯಾರ," ಎಂದಳು.