ಗ್ರೀಸು ಮೆತ್ತಿದ ಪುಟ

ನಮ್ಮ ಮನೆಯ ಪುಸ್ತಕದ ಬೀರುವಿನಲ್ಲಿ ಮುಟ್ಟಿದರೆ ಬೆರಳು ಕಪ್ಪಾಗುವ ಪುಸ್ತಕ ಒಂದೇ ಒಂದಿದೆ. ಅದರ ಎಡಕ್ಕೆ ನಿಘಂಟು, ಬಲಕ್ಕೆ ಛಂದಸ್ಸಿನ ಕೈಪಿಡಿ. ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿರುವವಳ ಬೀರುವಿನಲ್ಲಿ ಇರತಕ್ಕ ಇಂಥ ಸಂಭಾವಿತರ ನಡುವೆ ಇದೊಂದು ಮೈಗೆಲ್ಲ ಎಣ್ಣೆ ಬಳಿದುಕೊಂಡು ನಿಂತಿದೆ. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಬೀರುವಿನ ಮುಂದೆ ಸುಳಿದಾಡುತ್ತ ಅಲ್ಲಿಗೆ ಬಂದೊಡನೆ ನಿಲ್ಲುತ್ತಾರೆ. "ಕಾರ್ ರಿಪೇರಿ ಪುಸ್ತಕನಾ ಮೇಡಂ? ಯಜಮಾನ್ರದಾ?" ಎನ್ನುತ್ತಾರೆ. ಆ ಪ್ರಶ್ನೆ ಬರಲೆಂದೇ ಅದನ್ನು ಕಣ್ಣಿನ ಮಟ್ಟದ ಅಂಕಣದಲ್ಲಿ ಇಟ್ಟಿದ್ದೇನೆಂಬ ಗುಟ್ಟನ್ನು ಓದುಗರಾದ ನಿಮ್ಮೊಬ್ಬರಿಗೆ ಮಾತ್ರ ಹೇಳುತ್ತಿದ್ದೇನೆ.

ಕಾರು ನನ್ನದು. ನಲವತ್ತು ದಾಟಿದ ಮೇಲೆ ಕಲಿತು, ಹಲವರ ನಗೆಗೂ ಎರಡು ಕಾಂಪೌಂಡುಗಳ ಕೋಪಕ್ಕೂ ಪಾತ್ರಳಾಗಿ, ಕೊನೆಗೆ ಶೆಟ್ಟಿಹಳ್ಳಿಯ ಮನೆಯಿಂದ ಗುಬ್ಬಿಯ ಶಾಲೆಗೆ ದಿನವೂ ಒಬ್ಬಳೇ ಓಡಿಸಿಕೊಂಡು ಹೋಗುವಷ್ಟು ಧೈರ್ಯ ಸಂಪಾದಿಸಿದ್ದು ಈ ಹಳೆಯ ಸಣ್ಣ ಕಾರಿನಲ್ಲಿಯೇ. ಬೆಳಗಿನ ಆ ಅರ್ಧ ಗಂಟೆಯಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಯಾರ ಮೇಡಮ್ಮೂ ಅಲ್ಲ. ಆ ಅರ್ಧ ಗಂಟೆ ನನಗೆ ಬಹಳ ಪ್ರಿಯವಾದದ್ದು. ನಮ್ಮ ಯಜಮಾನರು ವಸಂತನರಸಾಪುರದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗುವವರು. ಕಾರು ಓಡಿಸಲು ಅವರಿಗೆ ಬಾರದು, ಕಲಿಯುವ ಆಸೆಯೂ ಇಲ್ಲ. ಆದರೂ ಗ್ಯಾರೇಜಿಗೆ ಹೋದರೆ ಅಲ್ಲಿಯ ಮೇಸ್ತ್ರಿ ನನ್ನ ಮುಖ ನೋಡದೆ, "ಸಾರ್ ಬರ್ಲಿ ಮೇಡಂ, ಅವ್ರಿಗೇ ಹೇಳ್ತೀನಿ," ಎನ್ನುವನು. ಇವರು ಹೋಗಿ ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಿಳಿಯದಿದ್ದರೂ ಗಂಭೀರವಾಗಿ ತಲೆಯಾಡಿಸಿ ಬರುವರು.

ಆ ಕಾರಿಗೆ ಕಳೆದ ವರ್ಷ ಬಿಕ್ಕಳಿಕೆ ಶುರುವಾಯಿತು. ಏರು ಬಂದರೆ ಸಾಕು, ಮುಕ್ಕರಿಸಿ, ನಡುಗಿ, ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಮಿಸ್ಸಿಂಗ್ ಹೊಡೀತಿದೆ ಎಂದು ಮೇಸ್ತ್ರಿ ಮೂರು ಸಲ ಬಿಚ್ಚಿದ, ಮೂರು ಸಲ ಜೋಡಿಸಿದ, ಬಿಕ್ಕಳಿಕೆ ನಿಲ್ಲಲಿಲ್ಲ. ಒಂದು ಸೋಮವಾರ ಅದು ಗುಬ್ಬಿ ರಸ್ತೆಯ ಮಧ್ಯದಲ್ಲಿಯೇ ನಿಂತುಬಿಟ್ಟಿತು; ನಾನು ಪರಿಚಯದವರ ಟ್ರ್ಯಾಕ್ಟರಿಗೆ ಕಾರು ಕಟ್ಟಿಸಿ, ಸ್ಟೀರಿಂಗ್ ಹಿಡಿದು ಮೆರವಣಿಗೆಯಲ್ಲಿ ಮನೆಗೆ ಬಂದೆ. ಯಜಮಾನರು ಅಂದೇ ತೀರ್ಪು ಕೊಟ್ಟರು.

"ಅದ್ರ ಆಯಸ್ಸು ಮುಗೀತು ಕಣೇ. ಕುಣಿಗಲ್‌ನೋರೊಬ್ರು ಗುಜರಿಗೆ ತಗೋತಾರಂತೆ. ಭಾನುವಾರ ಬರ್ತಾರೆ."

"ಭಾನುವಾರದವರ್ಗೂ ನನ್ ಕಾರೇ ತಾನೆ? ನಾನೇ ನೋಡ್ತೀನಿ ಬಿಡ್ರಿ," ಎಂದೆ. ಓಡಿದರೆ ಕಾರು ಉಳಿಯುತ್ತದೆ, ಓಡದಿದ್ದರೆ ಟೆಂಪೊ ಏರುತ್ತದೆ ಎಂಬ ಒಪ್ಪಂದವಾಯಿತು. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಇನ್ನಷ್ಟು ಹುಮ್ಮಸ್ಸು ಬರುತ್ತಿತ್ತು.

ಅಕ್ಷರವನ್ನೇ ನಂಬಿ ಬದುಕಿದವಳಾದ್ದರಿಂದ ನನ್ನ ಮೊದಲ ಹೆಜ್ಜೆ ಸ್ಪ್ಯಾನರ್ ಕಡೆಗೆ ಹೋಗದೆ ಪುಸ್ತಕದ ಕಡೆಗೆ ಹೋಯಿತು. ಕಾರಿನ ಜೊತೆ ಬಂದಿದ್ದ ಕಿರುಹೊತ್ತಗೆ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು. ಹಾಡು ಹಾಕುವುದು ಹೇಗೆಂದು ನಾಲ್ಕು ಪುಟ ವಿವರಿಸಿ, ಎಂಜಿನ್ನಿನ ವಿಷಯ ಬಂದಾಗಲೆಲ್ಲ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ ಎಂದು ಕೈತೊಳೆದುಕೊಳ್ಳುವಂಥದ್ದು. ಐಟಿಐ ಹುಡುಗರ ಕನ್ನಡ ಪಠ್ಯವೊಂದನ್ನು ಸಹೋದ್ಯೋಗಿಯೊಬ್ಬರು ತಂದುಕೊಟ್ಟರು. ಅದರ ಭಾಷಾಂತರ ಎಷ್ಟು ಪ್ರೌಢವಾಗಿತ್ತೆಂದರೆ, ಕನ್ನಡ ಎಂ.ಎ. ಮಾಡಿದ ನಾನು 'ದಹನಕೋಷ್ಠದ ಕಿಡಿಜನಕ' ಎಂಬಲ್ಲಿಗೆ ಬಂದು ಸೋತು, ಅದು ಸ್ಪಾರ್ಕ್ ಪ್ಲಗ್ಗು ಎಂಬುದನ್ನು ಎದುರು ಮನೆಯ ಆಟೋ ಚಾಲಕರಿಂದ ಅರಿತೆ. ನಮ್ಮ ತರಗತಿಯ ಮಕ್ಕಳು ನನ್ನ ಭಾಷೆ ಕೇಳಿ ಏನು ಅನುಭವಿಸುತ್ತಿರಬಹುದೆಂದು ಅಂದು ಮೊದಲ ಬಾರಿಗೆ ಹೊಳೆಯಿತು.

ಮಂಗಳವಾರ ಸಂಜೆ ತುಮಕೂರು ಬಸ್ ನಿಲ್ದಾಣದ ಹತ್ತಿರದ ಹಳೇ ಪುಸ್ತಕದಂಗಡಿಯಲ್ಲಿ ನನ್ನ ಕಾರಿನದೇ ರಿಪೇರಿ ಪುಸ್ತಕ ಎರಡು ಸಿಕ್ಕವು, ಎರಡೂ ಇಂಗ್ಲಿಷಿನವು. ಒಂದು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಅದರಲ್ಲಿ ಬಿಚ್ಚುವ ಬಗೆಯನ್ನು ಹನ್ನೆರಡು ಹಂತಗಳಲ್ಲಿ ಬಣ್ಣಿಸಿ, ಜೋಡಿಸುವ ಬಗೆಗೆ ಮಾತ್ರ 'ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿ' ಎಂಬ ಒಂದೇ ವಾಕ್ಯ. ಹಲ್ವ ಮಾಡಿದವರಿಗೆ ಅದನ್ನು ಮತ್ತೆ ರವೆ ಮಾಡಿ ಎಂದ ಹಾಗಾಯಿತು. ಇನ್ನೊಂದರ ರಟ್ಟು ಹರಿದಿತ್ತು, ಕೆಲವು ಪುಟಗಳು ಗ್ರೀಸಿನಲ್ಲಿ ಅಂಟಿಕೊಂಡಿದ್ದವು.

"ಅದ್ಯಾಕೆ ಮೇಡಂ, ಗಲೀಜಾಗೈತೆ. ಇದ್ ತಗೊಳಿ, ಯಾರೂ ಕೈ ಇಟ್ಟಿಲ್ಲ," ಎಂದ ಅಂಗಡಿಯವನು.

ಅದೇ ಮಾತು ನನ್ನ ಆಯ್ಕೆಯನ್ನು ಸುಲಭ ಮಾಡಿತು. ಯಾರೂ ಕೈ ಇಡದ ಪುಸ್ತಕವನ್ನು ನಂಬಿ ನಾನು ಎಂಜಿನ್ನಿಗೆ ಕೈ ಇಡುವುದು ಹೇಗೆ? ಕೊಳಕು ಪುಸ್ತಕದಲ್ಲಿ ಪ್ಲಗ್ಗಿನ ಅಧ್ಯಾಯವೇ ಎಲ್ಲಕ್ಕಿಂತ ಜಿಡ್ಡಾಗಿತ್ತು. ಯಾರೋ ಪುಣ್ಯಾತ್ಮರು ಅದನ್ನು ತೆರೆದಿಟ್ಟುಕೊಂಡು ನಿಜವಾಗಿ ಕೆಲಸ ಮಾಡಿದ್ದರು. ನಿಮಗೂ ಇಂಥ ಸಂದರ್ಭ ಬಂದರೆ, ನಿಮ್ಮ ಕಾರಿಗೆ ಯಾವ ರೋಗವೋ ಆ ಪುಟವನ್ನು ಮೊದಲು ತೆಗೆದು, ಅದು ಕೊಳೆಯಾಗಿದೆಯೇ ನೋಡಿ.

ಗುರುವಾರ ಸಂಜೆ ಸೆರಗು ಸಿಕ್ಕಿಸಿ ಬಾನೆಟ್ಟು ಎತ್ತಿದೆ. ಪುಸ್ತಕದ ಪ್ರಕಾರ ಪ್ಲಗ್ಗುಗಳಿಗೆ ಹೋಗುವ ನಾಲ್ಕು ವೈರುಗಳು ಹಳತಾದರೆ ಇಂಥ ಬಿಕ್ಕಳಿಕೆ ಸಹಜ. ಪರೀಕ್ಷಿಸಿ ನೋಡಿದರೆ ನಾಲ್ಕೂ ಬಿರುಕು ಬಿಟ್ಟಿದ್ದವು. ಕಳಚುವ ಮುನ್ನ ಯಾವುದು ಎಲ್ಲಿಯದೆಂದು ಗುರುತು ಮಾಡಿಕೊಳ್ಳಿ ಎಂದಿತ್ತು, ಯಾವುದರಿಂದ ಎಂದಿರಲಿಲ್ಲ. ದೇವರ ಮನೆಯ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮೊದಲ ವೈರಿಗೂ ಅದು ಕೂರುವ ಜಾಗಕ್ಕೂ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಇಟ್ಟು, ನಾಲ್ಕನ್ನೂ ಕಳಚಿ ಸಾಲಾಗಿ ಜೋಡಿಸಿ, ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತ ಮಲಗಿದೆ.

ಮರುದಿನ ಶುಕ್ರವಾರ. ಹೊಸ ವೈರು ಕೊಂಡುಕೊಂಡು ಶಾಲೆಯಿಂದ ಬಸ್ಸಿನಲ್ಲಿ ಬಂದು ನೋಡುತ್ತೇನೆ, ಬ್ಯಾಟರಿಯ ಮೇಲೆ ದಾಸವಾಳ, ಮುಚ್ಚಳಗಳಿಗೆಲ್ಲ ಅರಿಶಿನ, ಪ್ರತಿಯೊಂದು ವೈರಿಗೂ ಪ್ರತಿಯೊಂದು ಜಾಗಕ್ಕೂ ನಾಲ್ಕು ನಾಲ್ಕು ಬೊಟ್ಟು. ಗೂಳೂರಿನಿಂದ ಬಂದು ನಮ್ಮೊಡನೆ ಇರುವ ಅತ್ತೆ ಸಂತೃಪ್ತರಾಗಿ ಪಕ್ಕದಲ್ಲಿ ನಿಂತಿದ್ದರು.

"ಅರ್ಧಂಬರ್ಧ ಪೂಜೆ ಮಾಡ್ಬುಟ್ಟು ಹೋಗಿದ್ಯಲ್ಲವ್ವ. ಒಂದುಕ್ಕೆ ಒಂದು ಬೊಟ್ಟು, ಇನ್ನೊಂದುಕ್ಕೆ ನಾಕು. ಹಂಗೆಲ್ಲ ಭೇದ ಮಾಡ್ಬಾರ್ದು ಕಣವ್ವ. ಎಲ್ಲಾನೂ ಒರ್ಸಿ ಎತ್ತಿಟ್ಟು, ಸಮ ಮಾಡಿವ್ನಿ."

ಸಮತೆಯನ್ನು ವೇದಿಕೆಯ ಮೇಲೆ ಹಲವು ಬಾರಿ ಹೊಗಳಿದ ನಾನು ಅಂದು ಅದರ ಎದುರು ಬೆಪ್ಪಾಗಿ ನಿಂತೆ. ಅತ್ತೆಯ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಮನೆಯಲ್ಲಿ ಆ ಕಾರಿಗಾಗಿ ದೇವರನ್ನು ಬೇಡಿಕೊಂಡವರು ಅವರೊಬ್ಬರೇ ಎಂಬುದು ನೆನಪಾಗಿ, ಬ್ಯಾಟರಿಯ ಮೇಲಿನ ದಾಸವಾಳವನ್ನು ಎತ್ತಿ ಮುಡಿದುಕೊಂಡೆ.

ಶನಿವಾರ ಮಧ್ಯಾಹ್ನ ನನಗೆ ಪುಸ್ತಕವೊಂದೇ ಗತಿ. ನಾಲ್ಕು ಪ್ಲಗ್ಗುಗಳು ಕಿಡಿ ಹೊತ್ತಿಸುವ ಕ್ರಮ ಒಂದು, ಮೂರು, ನಾಲ್ಕು, ಎರಡು ಎಂದು ಚಿತ್ರಸಮೇತ ಕೊಟ್ಟಿದ್ದರು. ಮಕ್ಕಳಿಗೆ ಗಣಗಳ ಸೂತ್ರ ಬಾಯಿಪಾಠ ಮಾಡಿಸುವವಳಿಗೆ ಇದೇನು ಮಹಾ ಎಂದು ರಾಗವಾಗಿ ಹೇಳಿಕೊಳ್ಳುತ್ತ ವೈರು ಕೂರಿಸಿ ಕೀಲಿ ತಿರುಗಿಸಿದೆ. ಢಮ್ ಎಂದಿತು. ಹೊಗೆ ಬಂತು. ಒಳಗಿನಿಂದ ಅತ್ತೆ ದೇವರ ಹೆಸರು ಹೇಳಿದರು. ಯಜಮಾನರು ಬಾಗಿಲಿಗೆ ಬಂದು, "ಬಿಡು ಅತ್ಲಾಗೆ, ನಾಳೆ ಅವ್ರು ಬರ್ತಾರಲ್ಲ," ಎಂದು ಮೆಲ್ಲಗೆ ಹೇಳಿ ಹೋದರು. ನನಗೆ ಅಳು ಬಂತು.

ಮತ್ತೆ ಆ ಪುಟವನ್ನೇ ನೋಡುತ್ತ ಕುಳಿತೆ. ಚಿತ್ರದ ಪಕ್ಕದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ, ಅಂಚಿನಲ್ಲಿ ಪೆನ್ಸಿಲ್ಲಿನ ಕನ್ನಡ ಅಕ್ಷರಗಳು ಕಂಡವು: 'ಬೆಲ್ಟ್ ಕಡೆಯಿಂದ ಎಣಿಸು. ನಾನು ಉಲ್ಟಾ ಎಣಿಸಿ ಕೆಟ್ಟೆ.' ಎಂಜಿನ್ನಿನ ಬೆಲ್ಟ್ ಇರುವ ತುದಿಯನ್ನು ಬಿಟ್ಟು ಇನ್ನೊಂದು ತುದಿಯಿಂದ ನಾನೂ ಉಲ್ಟಾ ಎಣಿಸಿದ್ದೆ. ಬರೆದವರು ಯಾರೋ, ಯಾವ ಊರಿನವರೋ! ತಾವು ಗೆದ್ದದ್ದನ್ನು ಬರೆಯುವವರು ಬೇಕಾದಷ್ಟಿದ್ದಾರೆ; ಎಡವಿದ ಜಾಗವನ್ನು ಮುಂದೆ ಬರುವವರಿಗಾಗಿ ಗುರುತಿಸಿ ಹೋದವರನ್ನು ನನಗೆ ಗುರುಗಳೆನ್ನಬೇಕೆನಿಸಿತು. ಬೆಲ್ಟ್ ಕಡೆಯಿಂದ ಎಣಿಸಿ ಎಲ್ಲವನ್ನೂ ಹೊಸದಾಗಿ ಕೂರಿಸಿದೆ. ಕತ್ತಲಾಗುವ ಮೊದಲೇ ಕಾರು ಒಂದೇ ಸಲಕ್ಕೆ ಹೊತ್ತಿಕೊಂಡು, ಒಂದೇ ಸಮನೆ ಗುನುಗತೊಡಗಿತು. ಬೆಳಿಗ್ಗೆ ಎದ್ದು ಗುಬ್ಬಿಯ ತನಕ ಹೋಗಿ ಬಂದೆ, ಯಾವ ಏರಿನಲ್ಲಿಯೂ ಬಿಕ್ಕಳಿಸಲಿಲ್ಲ.

ಹತ್ತು ಗಂಟೆಗೆ ಕುಣಿಗಲ್ಲಿನ ಗುಜರಿಯವರು ಟೆಂಪೊ ತಂದರು. ಸ್ಟಾರ್ಟ್ ಮಾಡಿಸಿ, ಬಾನೆಟ್ಟಿಗೆ ಕಿವಿಗೊಟ್ಟು ಬಹಳ ಹೊತ್ತು ನಿಂತರು. ಆಮೇಲೆ ತಲೆಯೆತ್ತಿ ಯಜಮಾನರ ಕಡೆ ತಿರುಗಿದರು.

"ಇದು ಗುಜರಿ ಮಾಲಲ್ಲ ಸಾರ್, ಓಡೋ ಗಾಡಿ. ಯಾವ್ ಗ್ಯಾರೇಜಲ್ಲಿ ಮಾಡ್ಸಿದ್ರಿ? ಏನೇನ್ ಹಾಕಿದಾರೆ?"

ಯಜಮಾನರು ಅಭ್ಯಾಸಬಲದಿಂದ ತಲೆಯಾಡಿಸಲು ಹೊರಟವರು ನಿಲ್ಲಿಸಿದರು.

"ನನ್ ಕೇಳ್ಬೇಡಿ, ನಂಗೇನೂ ಗೊತ್ತಿಲ್ಲ. ಅವ್ರನ್ನ ಕೇಳಿ. ಕಾರು ಅವ್ರದು, ಬಿಚ್ಚಿದ್ದೂ ಅವ್ರೇ, ಜೋಡ್ಸಿದ್ದೂ ಅವ್ರೇ."

ಗುಜರಿಯವರು ನನ್ನ ಕಡೆ ತಿರುಗಿ, "ಹೇಳಿ ಮೇಡಂ," ಎಂದು ಕೇಳಿಸಿಕೊಳ್ಳಲು ನಿಂತರು. ಗಂಟೆಗಟ್ಟಲೆ ಮಾತಾಡಿ ಬದುಕಿದ ನಾನು ಒಳಗಿನಿಂದ ಪುಸ್ತಕ ತಂದು, ಆ ಜಿಡ್ಡು ಪುಟವನ್ನು ಎಂಜಿನ್ನಿನ ಪಕ್ಕ ತೆರೆದಿಟ್ಟು, "ಮೊದ್ಲು ಬೆಲ್ಟ್ ಕಡೆಯಿಂದ ಎಣಿಸ್ಬೇಕು," ಎಂದು ತರಗತಿಯ ದನಿಯಲ್ಲಿ ಹೆಮ್ಮೆಯಿಂದ ಪಾಠ ಶುರುಮಾಡಿದೆ.