ಹಟ್ಟಿಯೊಳಗೆ ಬಾರದ ಚೈನು

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ, ಹುಳಿಯಾರಿನ ಕಡೆಯ ನಮ್ಮ ಹಟ್ಟಿಯಲ್ಲಿ ಬೇಸಿಗೆಯೆಂದರೆ ಕುರಿಹಿಕ್ಕೆಯ ವಾಸನೆ. ಅದರ ಮೇಲೆ ಚಿಕ್ಕಪ್ಪನ ಬೈಕಿನ ಸುಟ್ಟ ಎಣ್ಣೆಯ ವಾಸನೆ. ಅಪ್ಪನ ತಮ್ಮನಾದ ಅವನು ತಿಪಟೂರಿನ ಗುಜರಿಯಿಂದ ಹಳೆಯ ಕಾಲದ ಬೈಕೊಂದನ್ನು ತಂದು, ಮಡ್‌ಗಾರ್ಡ್ ಕಿತ್ತು, ಸೈಲೆನ್ಸರನ್ನು ಮೇಲೆತ್ತಿ ಕಟ್ಟಿ, ಮಣ್ಣು ಕಚ್ಚುವ ದಪ್ಪ ಟೈರು ಹಾಕಿಸಿದ್ದ. ಕೆರೆ ಒಣಗಿದ ಮೇಲೆ ಸುತ್ತಲಿನ ಹುಡುಗರು ಅದರ ಅಂಗಳದಲ್ಲಿ ಪಂದ್ಯ ನಡೆಸುತ್ತಿದ್ದರು. ಮರಳಿನಲ್ಲಿ ಓಡಿಸಿ, ಕೊನೆಗೆ ಕಡಿದಾದ ಕೆರೆ ಏರಿಯನ್ನು ಹತ್ತಬೇಕು. ನಮ್ಮ ಹಟ್ಟಿಯ ಮುಳ್ಳುಬೇಲಿಯೊಳಕ್ಕೆ ಚಪ್ಪಲಿಗೆ ಪ್ರವೇಶವಿರಲಿಲ್ಲ. ಊರ ಕೆಸರನ್ನೆಲ್ಲ ತುಳಿದು ಬರುವ ಬೈಕು ಮಾತ್ರ ಕುಂಕುಮ ಹಚ್ಚಿಕೊಂಡು ಒಳಗೆ ಬರುತ್ತಿತ್ತು. ಮೈಲಿಗೆಯೆಂಬುದು ಯಾರ ಅನುಕೂಲಕ್ಕೆ ಹೇಗೆ ಬಾಗುತ್ತದೆಂದು ಆಗ ಯಾರೂ ಕೇಳಲಿಲ್ಲ.

ಶಾಲೆ ಬಿಟ್ಟೊಡನೆ ನಾನು ಕುಂಟೆಬಿಲ್ಲೆಯ ಆಟವನ್ನೂ ಬಿಟ್ಟು ಅವನ ಬಳಿಗೆ ಓಡುತ್ತಿದ್ದೆ. ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ ಸ್ಪ್ರಾಕೆಟ್ ಎನ್ನುತ್ತಾರೆ, ಎಂಜಿನ್ ಬದಿಯ ಚಕ್ರ ಚಿಕ್ಕದಾದಷ್ಟೂ ಗಾಡಿಗೆ ಎಳೆತ ಹೆಚ್ಚಿ ವೇಗ ತಗ್ಗುತ್ತದೆ ಎಂದೆಲ್ಲ ಕಲಿಸಿದವನು ಅವನೇ. ಭಾಗಾಕಾರ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಹಿಂದಿನ ಚಕ್ರದ ಹಲ್ಲನ್ನು ಮುಂದಿನದರಿಂದ ಭಾಗಿಸಿ ಎಳೆತದ ಲೆಕ್ಕವನ್ನು ನಾನು ಹೇಳಿದರೆ ತಲೆಯಾಡಿಸುತ್ತಿದ್ದ.

"ನೀನೇ ಕಣವ್ವಾ ನಮ್ ಮೇಸ್ತ್ರಿ. ಪಂದ್ಯದ್ ದಿನ ಏರಿ ಮ್ಯಾಲೆ ನಿಂತ್ಕೋಬೇಕು ನೀನು."

ಅಲ್ಲಿ ನಿಲ್ಲುವ ಮೊದಲೇ ನಾನು ಮೈನೆರೆದೆ. ಹಟ್ಟಿಯ ಹೊರಗೆ, ಹೊಂಗೆಮರದ ಕೆಳಗೆ, ಹಸಿ ತೆಂಗಿನ ಸೋಗೆಯ ಗುಡ್ಲು ಕಟ್ಟಿ ನನ್ನನ್ನು ಕೂರಿಸಿದರು. ಕಾಲು ಚಾಚಿದರೆ ಪಾದ ಬಿಸಿಲಿಗೆ ಬೀಳುತ್ತಿತ್ತು. ಅವ್ವ ಬಿಸಿ ಮುದ್ದೆಯನ್ನು ತಟ್ಟೆಗೆ ಮೇಲಿನಿಂದ ಬಿಡುತ್ತಿದ್ದಳು, ತನ್ನ ಕೈ ತಾಗದ ಹಾಗೆ. ಸಾರು ಚಿಮ್ಮಿ ನನ್ನ ಲಂಗಕ್ಕೆ ಬೀಳುತ್ತಿತ್ತು. ಮಗುವೊಂದನ್ನು ಹಾವು ಚೇಳುಗಳ ನಡುವೆ ಒಂಟಿಯಾಗಿ ಇರಿಸುವುದು ಕ್ರೌರ್ಯ. ಅದಕ್ಕೆ ಕಟ್ಟಳೆಯೆಂಬ ಹೆಸರಿಡುವುದು ಅದಕ್ಕಿಂತ ದೊಡ್ಡ ಕ್ರೌರ್ಯ. ಹುಡುಗಿ ಯಾಕೆ ಬರಲಿಲ್ಲವೆಂದು ವಿಚಾರಿಸದೆ ಗೈರುಹಾಜರಿ ಗುರುತಿಸಿ ಮುಗಿಸಿದ ಶಾಲೆಯೂ ಅದರಲ್ಲಿ ಪಾಲುದಾರ.

ಅಲ್ಲಿಂದ ಕೆರೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಚಿಕ್ಕಪ್ಪನ ಬೈಕು ಮರಳಿನಲ್ಲಿ ಚೆನ್ನಾಗಿ ಓಡಿ, ಏರಿಯ ನಡುವಿಗೆ ಬಂದಾಗ ಗುರುಗುಟ್ಟಿ ಉಸಿರು ಕಟ್ಟುತ್ತಿತ್ತು. ಮತ್ತೆ ಕಿಕ್ಕು, ಮತ್ತೆ ಅದೇ. ಮುಂದಿನ ಸ್ಪ್ರಾಕೆಟ್ ದೊಡ್ಡದಾಯಿತೆಂದು ಕಿವಿಗೇ ಗೊತ್ತಾಗುತ್ತಿತ್ತು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಅವನೇ ಗೋಣಿಚೀಲ ಹೊತ್ತು ಬಂದ. ಗುಡ್ಲಿನಿಂದ ದೂರ ನಿಂತು ಎರಡು ಸ್ಪ್ರಾಕೆಟ್, ಎರಡು ಚೈನು ಹರಡಿದ.

"ಮುಟ್ಬ್ಯಾಡ, ಅಲ್ಲಿಂದ್ಲೇ ಯೋಳು. ಯಾವ್ದು ಹಾಕಾನ?"

"ಚಿಕ್ಕದು ಹಾಕು. ಭಾಗಿಸಿದ್ರೆ ದೊಡ್ಡದ್ರಲ್ಲಿ ಮೂರಕ್ಕಿಂತ ಕಮ್ಮಿ ಬತ್ತದೆ, ಚಿಕ್ಕದ್ರಲ್ಲಿ ಮೂರೂವರೆ."

"ಮರಳಲ್ಲಿ ಹಿಂದೆ ಬಿದ್ದೋಯ್ತೀನಲ್ಲೇ?"

"ಬಿದ್ರೆ ಬೀಳು. ಏರಿ ಹತ್ದೋನೇ ಗೆಲ್ಲೋದು."

"ಅಬ್ಬಬ್ಬಾ, ಗುಡ್ಲಲ್ಲಿ ಕೂತ್ಕಂಡು ಬಾಯಿ ನೋಡು!" ನಕ್ಕ. "ಚೈನು?"

ಸವೆದ ಚೈನನ್ನು ಅಡ್ಡಲಾಗಿ ಹಿಡಿದರೆ ಬಿಲ್ಲಿನಂತೆ ಬಾಗುತ್ತದೆ. ಗಟ್ಟಿಯಿರುವುದು ನೆಟ್ಟಗೆ ನಿಲ್ಲುತ್ತದೆ. ಅವನು ಹಿಡಿದು ತೋರಿಸಿದ. ಅಷ್ಟು ದೂರದಿಂದ ನನಗೆ ಎರಡೂ ಒಂದೇ ಆಗಿ ಕಂಡವು. ನಾನು ಬಗ್ಗಿ ಹೊರಬಂದೆ, ಒಂದನ್ನು ಎತ್ತಿದೆ, ಇನ್ನೊಂದನ್ನು ಎತ್ತಿದೆ. ಎಷ್ಟೋ ದಿನಗಳ ಮೇಲೆ ಮನುಷ್ಯರು ಬಳಸುವ ವಸ್ತುವೊಂದು ನನ್ನ ಕೈಯಲ್ಲಿತ್ತು. ಎಣ್ಣೆ ಬೆರಳಿಗಂಟಿತು.

"ಇದೇ ಗಟ್ಟಿ" ಎಂದು ನೀಡಿದೆ. ಅವನು ಹಟ್ಟಿಯ ಕಡೆ ಒಮ್ಮೆ ನೋಡಿ, ಬರಿಗೈಯಲ್ಲಿ ತೆಗೆದುಕೊಂಡ.

ಆ ಸಂಜೆ ಏರಿಯ ನೆತ್ತಿಯ ಮೇಲಿಂದ ಬೈಕಿನ ಸದ್ದು ಬಂತು. ಹುಡುಗರು ಶಿಳ್ಳೆ ಹೊಡೆದರು. ನಾನು ಗುಡ್ಲಿನೊಳಗೆ ಕುಳಿತೇ ಚಪ್ಪಾಳೆ ತಟ್ಟಿದೆ.

ಅವನ ಕೈಗೆ ನಾನು ಚೈನು ಕೊಟ್ಟಿದ್ದನ್ನು ಬೇಲಿಯ ಬಳಿ ಸೌದೆ ಆಯುತ್ತಿದ್ದವರು ಕಂಡಿದ್ದರು. ಅಜ್ಜಿ ಬೇಲಿಯ ಬಾಯಲ್ಲೇ ಬೈಕನ್ನು ತಡೆದಳು.

"ಅದು ಒಳೀಕೆ ಬರಂಗಿಲ್ಲ."

"ಅವ್ವಾ, ಕಬ್ಬಿಣಕ್ಕೆಂಥಾ ಮೈಲ್ಗೆ?"

"ಕಬ್ಬಿಣಕ್ಕಿಲ್ಲ ಕಣ್ಲಾ, ನಿಂಗೈತೆ. ಅವ್ಳು ಮುಟ್ಟಿದ್ನ ಕಾಲ್ಕೆಳ್ಗೆ ಸುತ್ತುಸ್ಕಂಡು ಓಗು, ಆಮ್ಯಾಕೆ ಈ ಬಾಗ್ಲಾಗೆ ನಿನ್ ಮಕ ಕಾಣುಸ್ಬ್ಯಾಡ."

ಅಪ್ಪ ಅಲ್ಲೇ ನಿಂತಿದ್ದ. ಮಾತಾಡಲಿಲ್ಲ. ಆ ಮೌನವನ್ನೂ ನಾನು ತಪ್ಪುಗಳ ಸಾಲಿಗೇ ಸೇರಿಸುತ್ತೇನೆ. ಚಿಕ್ಕಪ್ಪ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದ. ಬೈಕು ಹೊಂಗೆಮರಕ್ಕೆ ಒರಗಿ ನನ್ನ ಪಕ್ಕದಲ್ಲೇ ಉಳಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ನಾಳೆ ನಾನು ಆರಿಸಿದ ಚೈನಿನ ಮೇಲೆ ಅವನು ಏರಿ ಹತ್ತಿದರೆ, ನನ್ನ ಕೈ ಯಾವುದನ್ನೂ ಕೆಡಿಸುವುದಿಲ್ಲವೆಂದು ಇಡೀ ಊರಿಗೆ ಗೊತ್ತಾಗುತ್ತದೆ. ನನಗೆ ಅಷ್ಟೇ ಬೇಕಾಗಿತ್ತು.

ಪಂದ್ಯದ ದಿನ ಬೆಳಗ್ಗೆ ಅವನು ಬಂದ. ನನ್ನತ್ತ ನೋಡಲಿಲ್ಲ. ಬೈಕಿನ ಪಕ್ಕ ಕುಳಿತು, ಕೈಗೆ ಹಳೇ ಬಟ್ಟೆ ಸುತ್ತಿಕೊಂಡು ಚೈನಿನ ಲಾಕು ತೆಗೆದ. ಚೈನನ್ನು ಕೋಲಿನಿಂದ ಎತ್ತಿ ಕಳ್ಳಿಮೆಳೆಗೆ ಎಸೆದ. ಚಿಕ್ಕ ಸ್ಪ್ರಾಕೆಟ್ಟನ್ನೂ ಬಿಚ್ಚಿ ಹಳೆಯದನ್ನೇ ಕೂರಿಸಿ, ತಂದಿದ್ದ ಬೇರೊಂದು ಚೈನು ಹಾಕಿದ. ನಾನು ಆರಿಸಿದ್ದೆಂಬುದೇ ಅದರ ತಪ್ಪು.

"ಚಿಕ್ಕಪ್ಪಾ, ಅದ್ರಲ್ಲಿ ಏರಿ ಹತ್ತಲ್ಲ."

ಬೋಲ್ಟು ಬಿಗಿಯುತ್ತಲೇ ಹೇಳಿದ: "ಗೊತ್ತು ಕಣವ್ವಾ."

ಬೈಕಿಗೆ ಗಂಜಲ ಚಿಮುಕಿಸಿ, ಕುಂಕುಮ ಇಟ್ಟು ಕಳಿಸಿದರು. ಏರಿಯ ನಡುವೆ ಅದು ಉಸಿರು ಕಟ್ಟಿ ನಿಂತದ್ದನ್ನು ಗುಡ್ಲಿನೊಳಗಿಂದ ಕೇಳಿಸಿಕೊಂಡೆ.

ನನ್ನ ಕೈಯಿಂದ ಏನೂ ಕೆಡುವುದಿಲ್ಲವೆಂದು ಅಜ್ಜಿಗೆ ತಿಳಿದಿರಲಿಲ್ಲ, ಅವಳನ್ನೂ ಇದೇ ರೀತಿ ಕೂರಿಸಿ ಬೆಳೆಸಿದ್ದರು. ಚಿಕ್ಕಪ್ಪನಿಗೆ ತಿಳಿದಿತ್ತು. ಈಗ ನಾನು ಹಟ್ಟಿಯಿಂದ ಹಟ್ಟಿಗೆ ಹೋಗಿ ಈ ಅನಿಷ್ಟದ ವಿರುದ್ಧ ಮಾತಾಡುತ್ತೇನೆ. ನಮ್ಮಲ್ಲಿ ಸೋಗೆಯ ಗುಡ್ಲು ಹೋಗಿ ಸಿಮೆಂಟಿನ ಕೋಣೆ ಬಂದಿದೆ. ಊರ ಹೊರಗೇ ಬಂದಿದೆ. ಅದನ್ನು ಸುಧಾರಣೆಯೆಂದು ಕರೆಯುವವರೊಡನೆ ಜಗಳವಾಡಿ ಗಂಟಲು ಒಣಗಿದೆ. ಆದರೆ ನಾನು ಕಳೆದುಕೊಂಡದ್ದು ಯಾವ ಭಾಷಣದಲ್ಲೂ ಬರುವುದಿಲ್ಲ.

ಹೋದ ಸಲ ಹಟ್ಟಿಗೆ ಹೋದಾಗ ಚಿಕ್ಕಪ್ಪ ಕುರ್ಚಿ ಹಾಕಿ ಕೂರಿಸಿದ, ಎಳನೀರು ಕೆತ್ತಿ ಕೊಟ್ಟ, ಮಕ್ಕಳ ಓದನ್ನು ವಿಚಾರಿಸಿದ. ಅಂಗಳದಲ್ಲಿ ಅವನ ಮಗ ಬೈಕಿನ ಹೊಸ ಚೈನು ಹಿಡಿದುಕೊಂಡು, ಹಳೆಯ ಸ್ಪ್ರಾಕೆಟ್ಟಿನ ಮೇಲೆ ಹಾಕಬಹುದೇ ಎಂದು ಕೇಳುತ್ತಿದ್ದ. ಚಿಕ್ಕಪ್ಪ ನನ್ನ ಮುಖ ನೋಡಿದ.

ಆಮೇಲೆ ಮಗನ ಕಡೆ ತಿರುಗಿ, "ಹುಳಿಯಾರಲ್ಲಿ ಯಾರಾದ್ರೂ ಮೆಕ್ಯಾನಿಕ್‌ನ ಕೇಳು ಬುಡು" ಎಂದ.