ಹೆರಿಗೆ ವಾರ್ಡಿನ ಪರದೆಗಳು

ಮಗಳ ಹೆರಿಗೆ ಸುಸೂತ್ರವಾಗಿಯೇ ಆಯಿತು. ಡಾಕ್ಟರಮ್ಮ ಒಳ್ಳೆಯವರು, ಔಷಧಿಗೂ ಕೊರತೆ ಇರಲಿಲ್ಲ. ಆದರೂ ಆ ಸರ್ಕಾರಿ ಆಸ್ಪತ್ರೆಯ ವಾರ್ಡನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅದು ಹುಣಸೂರಿನದೋ ಪಿರಿಯಾಪಟ್ಟಣದ್ದೋ ಕೆ.ಆರ್. ನಗರದ್ದೋ ಎಚ್.ಡಿ. ಕೋಟೆಯದೋ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿರುವ ಒಳ್ಳೆಯವರಿಗೂ ಕಷ್ಟ.

ಮಂಚಗಳು ಸಾಲಾಗಿದ್ದವು. ನಡುವೆ ಒಂದು ತುಂಡು ಬಟ್ಟೆಯೂ ಅಡ್ಡ ಇರಲಿಲ್ಲ. ಒಬ್ಬಳ ಗಂಡ, ಇನ್ನೊಬ್ಬಳ ಮಾವ, ಟೀ ತರುವವನು, ಎಲ್ಲರೂ ಓಡಾಡಿಕೊಂಡಿದ್ದರು. ಮಗು ಹಸಿದು ಅಳುತ್ತಿತ್ತು. ಮಗಳಿಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಆದರೂ ಕುಡಿಸಲೊಲ್ಲಳು.

"ಅವ್ವ, ಆವಯ್ಯ ಇತ್ಲಾಗೇ ನೋಡ್ಕಂಡು ಕುಂತವ್ನೆ," ಎಂದಳು.

ನಾನು ಸೆರಗು ಬಿಡಿಸಿ ಅಡ್ಡ ಹಿಡಿದು ನಿಂತೆ. ಮನೆಗೆ ಕಳಿಸುವವರೆಗೂ ಪ್ರತಿ ಸಲ ಹೀಗೇ. ತೋಳು ಸೋತು ಹೋಗುತ್ತಿತ್ತು. ಎದುರು ಗೋಡೆಯ ಮೇಲೆ ಯಾರೋ ದಾನ ಕೊಟ್ಟ ದೊಡ್ಡ ಗಡಿಯಾರ, ಅದರೊಳಗೆ ಕೊಟ್ಟವರ ಹೆಸರು. ಹೊರಗಿನ ಕಲ್ಲುಬೆಂಚಿನ ಮೇಲೆ ಇನ್ನೊಂದು ಹೆಸರು. ಕೊಟ್ಟವರನ್ನು ಬೈಯಲಾರೆ, ಆ ಬೆಂಚಿನ ಮೇಲೆ ಕುಳಿತು ನಾನೇ ಊಟ ಮಾಡಿದ್ದೇನೆ. ಆದರೆ ಕೊಡುವ ಮೊದಲು ಮಂಚದ ಮೇಲಿದ್ದ ಒಬ್ಬಳನ್ನಾದರೂ ಏನು ಬೇಕಮ್ಮ ಎಂದು ಕೇಳಬಾರದಿತ್ತೇ?

ಹನಗೋಡಿನಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಬಾಣಂತನ ಮುಗಿದ ಮೇಲೆ ನಮ್ಮ ಮಹಿಳಾ ಸಂಘದಲ್ಲಿ ಈ ಮಾತು ಎತ್ತಿದೆ. ಎಲ್ಲರೂ ಹೆತ್ತವರೇ, ಹೆಚ್ಚು ವಿವರಿಸಬೇಕಾಗಲಿಲ್ಲ. ಪರದೆಗೆಂದು ಕೈಲಾದಷ್ಟು ಹಣ ಕೂಡಿಸಿದರು. ಪೇಟೆಯ ಬಟ್ಟೆ ಅಂಗಡಿಯವರು ದಪ್ಪನೆಯ ನೀಲಿ ಬಟ್ಟೆಯನ್ನು ಲಾಭ ಇಟ್ಟುಕೊಳ್ಳದೆ ಕೊಟ್ಟರು. ನಾನು ಹೊಲಿದೆ. ವಾರ್ಡಿನ ಸಿಸ್ಟರ್ ಮೇಲಿನವರ ಒಪ್ಪಿಗೆ ತಂದರು, ಕಂಬಿಯೂ ಬಂತು. ಪರದೆ ಕಟ್ಟಿದ ದಿನ ಹಂಪಾಪುರದ ಕಡೆಯ ಬಾಣಂತಿಯೊಬ್ಬಳು ಅದನ್ನು ಎಳೆದುಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ನಿಂತಿತು. ಅಂದು ನನಗೆ ಬಹಳ ಸಂತೋಷವಾಯಿತು.

ಕೆಲವು ತಿಂಗಳ ನಂತರ ಸಂಬಂಧಿಕರ ಮಗುವನ್ನು ನೋಡಲು ಹೋದರೆ ಕಂಬಿಗಳು ಬೋಳಾಗಿದ್ದವು. ಅವುಗಳ ಮೇಲೆ ಯಾರದೋ ಟವೆಲು ಒಣಗುತ್ತಿತ್ತು. ನಮ್ಮ ಪರದೆಗಳು ಮೂಲೆಯಲ್ಲಿ ಗಂಟಾಗಿ ಬಿದ್ದು ನಾರುತ್ತಿದ್ದವು.

"ಯಾಕೆ ಬಿಚ್ಚಾಕಿದ್ರಿ ಸಿಸ್ಟರ್?" ಎಂದು ಜೋರಾಗಿಯೇ ಕೇಳಿದೆ.

"ಇನ್ನೇನ್ ಮಾಡ್ಲಿ ಅಕ್ಕ? ರಕ್ತ ಮೆತ್ಕಂಡದೆ, ಮಕ್ಕಳು ಕಕ್ಕವೆ. ಬೆಡ್‌ಶೀಟ್ ಒಗೆಯೋಕೇ ಜನ ಸಾಲ್ದು. ಕೊಡೋರು ಕೊಟ್ಬುಟ್ಟು ಓಯ್ತಾರೆ, ಒಗೆಯೋರ್ ಯಾರು? ಕೊಳಕು ಬಟ್ಟೆ ಅಂಗೇ ಬುಟ್ರೆ ಮಗೀಗೆ ಇನ್‌ಫೆಕ್ಷನ್ ಆಯ್ತದೆ."

ಅವರು ಹೇಳಿದ್ದು ಸರಿಯಾಗಿತ್ತು, ಅದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. ಗಂಟನ್ನು ಬಸ್ಸಿನಲ್ಲಿ ಹೊತ್ತು ತಂದೆ. ಪಕ್ಕ ಕುಳಿತವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಸಂಘದಲ್ಲಿ ಸರದಿ ಮೇಲೆ ಒಗೆಯೋಣ ಎಂದರೆ ಎಲ್ಲರ ಮುಖವೂ ಸಣ್ಣಗಾಯಿತು.

"ಕೊಟ್ಟಿದ್ದಾಯ್ತಲ್ಲ ಕಣಕ್ಕ. ಸೂತಕದ್ ಬಟ್ಟೆ ನಾವ್ಯಾಕ್ ಮುಟ್ಟಾನ, ಬುಡು," ಎಂದಳೊಬ್ಬಳು. ಅವಳೂ ನಾಲ್ಕು ಹೆತ್ತವಳು.

ನಾನೇ ಬ್ಲೀಚಿಂಗ್ ಪುಡಿ ಹಾಕಿ ನೆನೆಸಿ ಒಗೆದೆ. ಅಂಗೈ ಸುಲಿದು, ವಾರವಿಡೀ ಸೂಜಿ ಹಿಡಿಯಲಾಗಲಿಲ್ಲ. ಇದು ನಡೆಯುವ ಮಾತಲ್ಲ ಎನಿಸಿ ಬಟ್ಟೆ ಅಂಗಡಿಗೆ ಹೋದೆ.

"ಅಣ್ಣ, ಪೇಟೇಲಿ ಬಟ್ಟೆ ಒಗೆಯೋರ್‌ಗೆ ತಿಂಗಳಿಗಿಷ್ಟು ಅಂತ ಕೊಡಾಕಾಯ್ತದಾ?"

ಅಂಗಡಿಯವರು ಬಟ್ಟೆಯ ಕಪಾಟಿನತ್ತ ಕೈ ತೋರಿಸಿದರು. "ಬೇಕಾದ್ರೆ ಇನ್ನೊಂದ್ ಜೊತೆ ಪರದೆಗೆ ಬಟ್ಟೆ ಕೊಡ್ತೀನಿ, ತಗೊಂಡೋಗವ್ವ. ಒಗೆಯೋದುಕ್ ಕೊಟ್ರೆ ಎಸ್ರು ಎಲ್ ಬರೆಯಾದು?"

ತಮಾಷೆಗೆ ಹೇಳಿದ್ದಲ್ಲ. ಮುಖದ ಮೇಲೆ ಹೊಡೆದಂತೆ ಹೇಳಿ ಬಂದುಬಿಡೋಣ ಎನಿಸಿತು. ಬರಲಿಲ್ಲ, ಬಟ್ಟೆ ಇಸಿದುಕೊಂಡೆ. ಒಂದು ಜೊತೆ ಒಗೆಯಲು ಹೋದಾಗ ಇನ್ನೊಂದು ಇರಬೇಕಲ್ಲ. ಅಂಚಿನಲ್ಲಿ ಅವರ ಅಂಗಡಿಯ ಹೆಸರನ್ನೂ ಹೊಲಿದುಕೊಟ್ಟೆ.

ಒಗೆಯುವ ಖರ್ಚಿಗೆ ಕೊನೆಗೆ ಕೈ ಕೊಟ್ಟವರು ಭೇರ್ಯದ ನಮ್ಮ ಬೀಗಿತ್ತಿ. ಸೊಸೆ ಪಟ್ಟ ಪಾಡನ್ನು ಅವರು ಕಣ್ಣಾರೆ ಕಂಡಿದ್ದರು. ಅವರೂ ನಾನೂ ಸೇರಿ ಕೊಡುತ್ತೇವೆ. ಯಾವ ಗೋಡೆಯ ಮೇಲೂ ಅವರ ಹೆಸರಿಲ್ಲ, ಅವರು ಕೇಳಿಯೂ ಇಲ್ಲ. ಈಗ ಪರದೆಗಳು ಕಂಬಿಯ ಮೇಲಿವೆ. ಒಗೆಯುವವರು ಪರದೆ ತರಲು ತಡಮಾಡಿದ ದಿನ ಮತ್ತೆ ಬೋಳು, ಮತ್ತೆ ನನಗೆ ಫೋನು.

ಮೊನ್ನೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಬಾಣಂತಿಯರ ಬಚ್ಚಲಿನ ಬಾಗಿಲಿಗೆ ಒಳಗಿನ ಚಿಲಕವಿಲ್ಲ ಎಂದರು.

"ಅದೂ ನಾವೇ ನೋಡ್ಬೇಕಾ ಸಿಸ್ಟರ್?" ಎಂದೆ.

ಮೇಲಿನವರಿಗೆ ಬರೆದು ಕಳಿಸಿ ಕಳಿಸಿ ಅವರಿಗೂ ಸಾಕಾಗಿದೆ. ಒಂದು ಚಿಲಕ ಹಾಕಿಸಲು ಇಷ್ಟು ದೊಡ್ಡ ಸರ್ಕಾರಕ್ಕೆ ಆಗುವುದಿಲ್ಲವೇ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಊರಿಗೆ ಬಂದೆ. ಬಡಗಿಗೆ ಹೇಳಿದ್ದೇನೆ. ಬತ್ತೀನಿ ಬತ್ತೀನಿ ಅನ್ನುತ್ತಾನೆ, ಇನ್ನೂ ಬಂದಿಲ್ಲ.